ಬೇಲಿಯೊಳಗಿನ ತಂದೆ: ಆಗಸ್ಟ್ ವಿಲ್ಸನ್ನರ ‘ಫೆನ್ಸಸ್’ ನಾಟಕದ ಒಂದು ಓದು

ತಂದೆಯು ತೀರಿಕೊಂಡ ಮನೆಯಲ್ಲಿ ಸಭಾಪಾಲಕನು ಆಡುವ ಮಾತುಗಳು ಬಹುಮಟ್ಟಿಗೆ ಮೊದಲೇ ಗೊತ್ತಾದವುಗಳು. ಮೃತನು ಕಷ್ಟಪಟ್ಟು ದುಡಿದವನು, ಮಕ್ಕಳನ್ನು ಸಾಕಿ ಬೆಳೆಸಿದವನು, ಸಭೆಗೆ ನಂಬಿಗಸ್ತನಾಗಿದ್ದವನು ಎಂದು ನಾವು ಹೇಳುತ್ತೇವೆ. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ನೆನಪಿಸುತ್ತೇವೆ. ಪರಲೋಕದ ತಂದೆಯ ಪ್ರೀತಿಯನ್ನು ಇಹದ ತಂದೆಯ ಪ್ರೀತಿಯೊಂದಿಗೆ ಹೋಲಿಸಿ ಪ್ರಾರ್ಥನೆಗೆ ತೊಡಗುತ್ತೇವೆ. ಆದರೆ ಆ ಮನೆಯ ಮಗನು ಅಂಗಳದಲ್ಲಿ ನಿಂತು ‘ನಾನು ಮಣ್ಣಿಗೆ ಬರುವುದಿಲ್ಲ’ ಎಂದುಬಿಟ್ಟರೆ ಏನು ಮಾಡಬೇಕು? ಅವನು ಹಟಮಾರಿಯೂ ಅಲ್ಲ, ಕುಡಿದವನೂ ಅಲ್ಲ, ಆಸ್ತಿಯ ಜಗಳಕ್ಕೆ ಬಂದವನೂ ಅಲ್ಲ. ಒಂದು ಸಲವಾದರೂ ತಂದೆಗೆ ‘ಆಗದು’ ಎಂದು ಹೇಳಬೇಕೆಂದು ಬಯಸಿದವನು ಮಾತ್ರ. ಈ ಮಗನಿಗೆ ಹೇಳಲು ನಮ್ಮ ಕ್ರಮಪುಸ್ತಕಗಳಲ್ಲಿ ಹೆಚ್ಚೇನೂ ಇಲ್ಲ.

ಅಮೆರಿಕದ ಕಪ್ಪು ಜನಾಂಗದ ನಾಟಕಕಾರ ಆಗಸ್ಟ್ ವಿಲ್ಸನ್ (1945–2005) ಅವರ ‘ಫೆನ್ಸಸ್’, ಅಂದರೆ ‘ಬೇಲಿಗಳು’, ಎಂಬ ನಾಟಕದ ಕಡೆಯ ದೃಶ್ಯದಲ್ಲಿ ಇಂಥ ಮಗನೊಬ್ಬನು ನಿಂತಿದ್ದಾನೆ. ಇಪ್ಪತ್ತನೆಯ ಶತಮಾನದ ಒಂದೊಂದು ದಶಕಕ್ಕೆ ಒಂದೊಂದರಂತೆ ವಿಲ್ಸನ್ ಹತ್ತು ನಾಟಕಗಳನ್ನು ಬರೆದರು. ಅವುಗಳಲ್ಲಿ ಐವತ್ತರ ದಶಕಕ್ಕೆ ಸೇರಿದ ಈ ನಾಟಕವು 1985ರಲ್ಲಿ ಯೇಲ್ ರೆಪರ್ಟರಿ ರಂಗಮಂದಿರದಲ್ಲಿ ಮೊದಲು ಪ್ರದರ್ಶನಗೊಂಡು, 1987ರಲ್ಲಿ ಬ್ರಾಡ್‌ವೇಗೆ ಬಂದು ಅದೇ ವರ್ಷ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆಯಿತು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಡೆನ್ಜೆಲ್ ವಾಷಿಂಗ್ಟನ್ ನಿರ್ದೇಶಿಸಿ ನಟಿಸಿದ 2016ರ ಚಲನಚಿತ್ರದ ಮೂಲಕ ಇದನ್ನು ಬಲ್ಲರು. ಚಿತ್ರವನ್ನು ಕಂಡವರು ನಾಟಕವನ್ನೂ ಓದಬೇಕೆಂಬುದು ನಮ್ಮ ಕೋರಿಕೆ, ಏಕೆಂದರೆ ಇಡೀ ನಾಟಕವು ಒಂದೇ ಒಂದು ಅಂಗಳದಲ್ಲಿ ನಡೆಯುತ್ತದೆ. ಆ ಇಕ್ಕಟ್ಟು ಓದಿನಲ್ಲಿ ಇನ್ನೂ ಬಿಗಿಯಾಗಿ ತಟ್ಟುತ್ತದೆ.

ಕಾಲ 1957. ಉಕ್ಕಿನ ಪಟ್ಟಣವಾದ ಪಿಟ್ಸ್‌ಬರ್ಗಿನಲ್ಲಿ ಟ್ರಾಯ್ ಮ್ಯಾಕ್ಸನ್ ಎಂಬ ಐವತ್ತಮೂರು ವಯಸ್ಸಿನ ಕಪ್ಪು ಮನುಷ್ಯನು ನಗರದ ಕಸ ಎತ್ತುವ ಕೆಲಸದಲ್ಲಿದ್ದಾನೆ. ಯೌವನದಲ್ಲಿ ಕಳವು ಮಾಡುವಾಗ ಒಬ್ಬನನ್ನು ಕೊಂದು ಹದಿನೈದು ವರ್ಷ ಸೆರೆಮನೆಯಲ್ಲಿದ್ದವನು, ಅಲ್ಲಿಯೇ ಬೇಸ್‌ಬಾಲ್ ಕಲಿತವನು. ಬಿಡುಗಡೆಯಾದ ಮೇಲೆ ಕಪ್ಪು ಜನರಿಗೆಂದೇ ಬೇರೆಯಾಗಿದ್ದ ಲೀಗುಗಳಲ್ಲಿ ಹೆಸರು ಮಾಡಿದನು. ಜಾಕಿ ರಾಬಿನ್ಸನ್ 1947ರಲ್ಲಿ ಬಿಳಿಯರ ಲೀಗಿಗೆ ಕಾಲಿಟ್ಟು ಬಾಗಿಲು ತೆರೆದಾಗ ಟ್ರಾಯ್‌ಗೆ ನಲವತ್ತು ದಾಟಿತ್ತು. ಈಗ ಅವನ ಮಗ ಕೋರಿಯು ಶಾಲೆಯಲ್ಲಿ ಫುಟ್‌ಬಾಲ್ ಆಡುತ್ತಾನೆ. ಉತ್ತರ ಕೆರೊಲಿನಾದ ಕಾಲೇಜೊಂದು ಅವನನ್ನು ಆಟಗಾರನಾಗಿ ಸೇರಿಸಿಕೊಳ್ಳಲು ಬಯಸಿದೆ. ತಂದೆಯ ಸಹಿ ಬೇಕು. ತಂದೆಯು ಸಹಿ ಹಾಕುವುದಿಲ್ಲ. ಅಷ್ಟೇ ಅಲ್ಲ, ಮಗನಿಗೆ ಹೇಳದೆ ತರಬೇತುದಾರನ ಬಳಿಗೆ ಹೋಗಿ ಇವನು ಇನ್ನು ಆಡುವುದಿಲ್ಲವೆಂದು ತಿಳಿಸಿ ಬರುತ್ತಾನೆ.

ಏಕೆ? ಬಿಳಿಯರು ನಿನ್ನನ್ನು ಆಟದಲ್ಲಿ ಎಲ್ಲಿಗೂ ಹೋಗಗೊಡರು, ಕೈಯಲ್ಲಿ ಒಂದು ಕಸುಬಿದ್ದರೆ ಅದನ್ನು ಯಾರೂ ಕಿತ್ತುಕೊಳ್ಳಲಾರರು ಎಂಬುದು ತಂದೆಯ ವಾದ. ಕಾಲ ಬದಲಾಗಿದೆ ಎಂಬುದು ಮಗನ ವಾದ. ಹ್ಯಾಂಕ್ ಏರನ್ನನ ಹೆಸರನ್ನು ಅವನು ತಂದೆಯ ಮುಂದಿಡುತ್ತಾನೆ. ಏರನ್ ಆಡುತ್ತಿದ್ದ ತಂಡವು ಆ ವರ್ಷವೇ ವರ್ಲ್ಡ್ ಸೀರೀಸನ್ನು ಗೆದ್ದಿತೆಂಬುದನ್ನು ನೆನೆದರೆ ಚರಿತ್ರೆಯು ಮಗನ ಪಕ್ಷದಲ್ಲಿದೆ. ತಂದೆಯ ನಡೆಯ ಹಿಂದೆ ಇರುವುದು ಹೊಟ್ಟೆಕಿಚ್ಚೋ ಕಾಳಜಿಯೋ ಎಂದು ವಿಮರ್ಶಕರು ಬಹಳ ಚರ್ಚಿಸಿದ್ದಾರೆ. ನಮಗೆ ಈ ಪ್ರಶ್ನೆಗಿಂತ ನಾಟಕಕಾರನು ಸದ್ದಿಲ್ಲದೆ ಪಕ್ಕದಲ್ಲಿಟ್ಟಿರುವ ಇನ್ನೊಂದು ಸಂಗತಿಯು ಮುಖ್ಯವಾಗಿ ಕಾಣುತ್ತದೆ. ನಾಟಕದ ಆರಂಭದಲ್ಲಿಯೇ ಟ್ರಾಯ್ ತನ್ನ ಮೇಲಧಿಕಾರಿಗೆ ಒಂದು ಪ್ರಶ್ನೆ ಹಾಕಿ ಬಂದಿದ್ದಾನೆ: ಲಾರಿಯನ್ನು ಓಡಿಸುವವರೆಲ್ಲ ಬಿಳಿಯರು, ಡಬ್ಬ ಎತ್ತುವವರೆಲ್ಲ ಕರಿಯರು, ಇದೇಕೆ ಹೀಗೆ? ಕೆಲಸ ಹೋಗಬಹುದೆಂಬ ಭಯದ ನಡುವೆ ಅವನು ಗೆಲ್ಲುತ್ತಾನೆ. ಓದುಬರಹ ಬಾರದ, ವಾಹನದ ಪರವಾನಗಿಯೂ ಇಲ್ಲದ ಅವನು ಅಲ್ಲಿನ ಮೊದಲ ಕಪ್ಪು ಚಾಲಕನಾಗುತ್ತಾನೆ. ಗೋಡೆಯು ಬೀಳಬಲ್ಲದೆಂಬುದಕ್ಕೆ ಅವನೇ ಸಾಕ್ಷಿ. ಅದೇ ವಾರಗಳಲ್ಲಿ, ಅದೇ ಅಂಗಳದಲ್ಲಿ, ಗೋಡೆಯು ಬೀಳದೆಂದು ಅವನು ಮಗನಿಗೆ ಬೋಧಿಸುತ್ತಾನೆ. ತನ್ನ ಪಾಲಿಗೆ ನಿರೀಕ್ಷೆಯನ್ನು ಇಟ್ಟುಕೊಂಡು ಮಗನ ಪಾಲಿಗೆ ಅದನ್ನು ನಿಷೇಧಿಸಿದ ಈ ಮನುಷ್ಯನನ್ನು ಕೇವಲ ವರ್ಣಭೇದದ ಬಲಿಪಶುವೆಂದು ಓದುವುದು ನಮಗೆ ಒಪ್ಪಿಗೆಯಾಗದು. ವರ್ಣಭೇದವು ಅವನಿಗೆ ಮಾಡಿದ ಗಾಯವು ನಿಜ; ಆ ಗಾಯವನ್ನು ಅವನು ಮಗನ ಮೇಲೆ ಕಾನೂನಾಗಿ ಹೇರಿದ್ದೂ ನಿಜ.

ಕನ್ನಡದ ಓದುಗರಿಗೆ ಇಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’ (1961) ನೆನಪಾಗದಿರದು. ಯಯಾತಿಯು ಮಗನ ಯೌವನವನ್ನು ತನ್ನ ಭೋಗಕ್ಕಾಗಿ ಕೇಳಿ ಪಡೆಯುತ್ತಾನೆ. ಅಲ್ಲಿ ಅಪರಾಧವು ಕಣ್ಣಿಗೆ ಕಾಣುತ್ತದೆ. ಟ್ರಾಯ್ ಏನನ್ನೂ ಕೇಳುವುದಿಲ್ಲ. ನಿನ್ನ ಒಳ್ಳೆಯದಕ್ಕಾಗಿಯೇ ಎಂದು ಹೇಳಿ ಮಗನ ನಾಳೆಯನ್ನು ತೆಗೆದುಬಿಡುತ್ತಾನೆ. ಪಾಲಕರಿಗೆ ಎದುರಾಗುವ ತಂದೆಗಳಲ್ಲಿ ಯಯಾತಿಗಳು ವಿರಳ, ಟ್ರಾಯ್‌ಗಳು ಬಹಳ. ಮಗನನ್ನು ಇಂಜಿನಿಯರನನ್ನಾಗಿಯೇ ಮಾಡಬೇಕೆಂದು ಹಟ ಹಿಡಿದವರು, ಮಗನು ಸೆಮಿನರಿಗೆ ಸೇರುವೆನೆಂದಾಗ ಆರು ತಿಂಗಳು ಮಾತು ಬಿಟ್ಟವರು, ಅದಕ್ಕೆ ವಿರುದ್ಧವಾಗಿ ತಾವು ಹೊತ್ತ ಹರಕೆಯನ್ನು ತೀರಿಸಲು ಮಗನನ್ನು ಸೆಮಿನರಿಗೆ ತಳ್ಳಿದವರು. ಕೊನೆಯ ಬಗೆಯವರನ್ನು ಕುರಿತು ಈ ಪತ್ರಿಕೆಯ ಓದುಗರಿಗೆ ನಾವು ಹೆಚ್ಚು ವಿವರಿಸಬೇಕಾಗಿಲ್ಲ.

ನಾಟಕದ ಮೊದಲನೆಯ ಅಂಕದಲ್ಲಿ ಮಗನು ತಂದೆಯನ್ನು ಒಂದು ಪ್ರಶ್ನೆ ಕೇಳುತ್ತಾನೆ: ನಿನಗೆ ನಾನೆಂದರೆ ಏಕೆ ಇಷ್ಟವಿಲ್ಲ? ಕೋರಿಯು ‘ಪ್ರೀತಿ’ ಎಂಬ ಪದವನ್ನು ಬಳಸುವುದಿಲ್ಲವೆಂಬುದನ್ನು ಗಮನಿಸಬೇಕು. ಪ್ರೀತಿಯು ಕರ್ತವ್ಯದೊಳಗೆ ಅಡಗಬಲ್ಲದು, ಇಷ್ಟವು ಅಡಗಲಾರದು. ಅದು ಮುಖದಲ್ಲಿ ಕಾಣಲೇಬೇಕು. ತಂದೆಯ ಉತ್ತರವು ಕಠೋರವಾದದ್ದು. ನಿನ್ನನ್ನು ಇಷ್ಟಪಡಬೇಕೆಂದು ಯಾವ ಕಾನೂನು ಹೇಳುತ್ತದೆ? ನೀನು ಉಣ್ಣುತ್ತೀಯೆ, ಉಡುತ್ತೀಯೆ, ನನ್ನ ಸೂರಿನಡಿ ಮಲಗುತ್ತೀಯೆ; ನೀನು ನನ್ನ ಮಗನಾದುದರಿಂದ ಇದು ನನ್ನ ಹೊಣೆ, ಇಷ್ಟದ ಮಾತು ಬೇರೆ ಎಂಬುದು ಅದರ ಸಾರ. ಈ ಮಾತಿನ ಉದ್ದಕ್ಕೂ ಮಗನು ‘ಸರ್’ ಎನ್ನುತ್ತಲೇ ಉತ್ತರಿಸಬೇಕಾಗುತ್ತದೆ. ಕರ್ತನ ಪ್ರಾರ್ಥನೆಯಲ್ಲಿ ನಾವು ಕನ್ನಡಿಗರು ದೇವರನ್ನು ಏಕವಚನದಲ್ಲಿ ಕರೆಯುತ್ತೇವೆ. ಸಭಾಪಾಲಕರಿಗೆ ‘ನೀವು’, ದೇವರಿಗೆ ‘ನೀನು’. ಮನೆಯಲ್ಲಿ ಅಪ್ಪನಿಗೆ ಏಕವಚನ ಬಳಸಲು ಅಂಜುವ ಹುಡುಗನೂ ಆ ಪ್ರಾರ್ಥನೆಯಲ್ಲಿ ದೇವರ ಹತ್ತಿರಕ್ಕೆ ಬರುತ್ತಾನೆ. ಕೋರಿಯ ‘ಸರ್’ ಅವನನ್ನು ತಂದೆಯ ಹತ್ತಿರಕ್ಕೆ ಬರಗೊಡುವುದಿಲ್ಲ.

ಆದರೆ ಟ್ರಾಯ್‌ನ ಉತ್ತರವನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಪ್ರತಿ ಶುಕ್ರವಾರ ಸಂಬಳವನ್ನು ತಂದು ಹೆಂಡತಿಯ ಕೈಗೆ ಕೊಡುವ ಗಂಡಸು ಅವನು. ಪೌಲನು ಧರ್ಮಶಾಸ್ತ್ರವನ್ನು ಕುರಿತು ಹೇಳುವಾಗ ಅದು ಪರಿಶುದ್ಧವಾದುದೆಂದೇ ಹೇಳುತ್ತಾನೆ, ಜೀವ ಕೊಡಲಾರದೆಂದೂ ಹೇಳುತ್ತಾನೆ. ಟ್ರಾಯ್‌ನ ತಂದೆತನವು ಅಂಥದು. ಅನ್ನ ಕೊಟ್ಟಿದೆ, ಉಸಿರು ಕೊಟ್ಟಿಲ್ಲ. ತಂದೆಗಳು ಮಕ್ಕಳನ್ನು ಕೆಣಕಿ ಅವರ ಮನಸ್ಸನ್ನು ಕುಂದಿಸಬಾರದೆಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯವು ಎಚ್ಚರಿಸುತ್ತದೆ. ಮಕ್ಕಳಿಗೆ ಕೊಟ್ಟ ಅದರ ಹಿಂದಿನ ವಚನದ ಮೇಲೆ ನಾವು ಎಷ್ಟು ಪ್ರಸಂಗಗಳನ್ನು ಕೇಳಿದ್ದೇವೆ, ತಂದೆಗಳಿಗೆ ಕೊಟ್ಟ ಈ ವಚನದ ಮೇಲೆ ಎಷ್ಟನ್ನು ಕೇಳಿದ್ದೇವೆ ಎಂದು ಓದುಗರೇ ಲೆಕ್ಕ ಹಾಕಲಿ.

ಟ್ರಾಯ್ ಹೀಗೇಕೆ ಆದನೆಂಬುದನ್ನು ಅವನೇ ತನ್ನ ಹಿರಿಯ ಮಗ ಲಯನ್ಸ್ ಮತ್ತು ಗೆಳೆಯ ಬೋನೊ ಅವರ ಮುಂದೆ ಹೇಳುತ್ತಾನೆ. ನಾಟಕದಲ್ಲಿ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುವ ಭಾಗವಿದು. ಅವನ ತಂದೆಯು ದಕ್ಷಿಣದಲ್ಲಿ ಬಿಳಿಯನ ಹೊಲವನ್ನು ಪಾಲಿಗೆ ಮಾಡುತ್ತಿದ್ದವನು, ಹನ್ನೊಂದು ಮಕ್ಕಳವನು, ಮಕ್ಕಳನ್ನು ದುಡಿಯುವ ಕೈಗಳೆಂದೇ ಎಣಿಸಿದವನು. ಅವನ ಕ್ರೌರ್ಯವನ್ನು ತಾಳಲಾರದೆ ತಾಯಿ ಟ್ರಾಯ್‌ನ ಎಂಟನೆಯ ವಯಸ್ಸಿನಲ್ಲಿ ಮನೆ ಬಿಟ್ಟಳು. ಹದಿನಾಲ್ಕರಲ್ಲಿ ಟ್ರಾಯ್ ಒಬ್ಬ ಹುಡುಗಿಯೊಡನೆ ಹಳ್ಳದ ದಂಡೆಯಲ್ಲಿ ಇದ್ದಾಗ ತಂದೆಯು ಬಂದು ಹೇಸರಗತ್ತೆಯ ಲಗಾಮಿನ ತೊಗಲಿನಿಂದ ಹೊಡೆದನು. ಕೆಲಸ ಬಿಟ್ಟದ್ದಕ್ಕೆ ಹೊಡೆಯುತ್ತಿದ್ದಾನೆಂದು ಹುಡುಗನು ತಿಳಿದಿದ್ದನು. ತಂದೆಗೆ ಆ ಹುಡುಗಿಯೇ ಬೇಕಾಗಿದ್ದಾಳೆಂದು ಕಂಡಾಗ ಅದೇ ಲಗಾಮನ್ನು ತಂದೆಯ ಮೇಲೆ ಬೀಸಿದನು. ಎಚ್ಚರವಾದಾಗ ಅವನ ಕಣ್ಣುಗಳು ಊದಿ ಮುಚ್ಚಿದ್ದವು. ಬ್ಲೂ ಎಂಬ ನಾಯಿಯು ಮುಖವನ್ನು ನೆಕ್ಕುತ್ತಿತ್ತು. ಅಂದೇ ಮನೆ ಬಿಟ್ಟನು. ಇಷ್ಟೆಲ್ಲ ಹೇಳಿಯೂ ಟ್ರಾಯ್ ತಂದೆಯ ಪರವಾಗಿ ಒಂದು ಮಾತನ್ನು ಉಳಿಸಿಕೊಂಡಿದ್ದಾನೆ: ಅವನು ಓಡಿಹೋಗಲಿಲ್ಲ, ಮಕ್ಕಳ ಹೊಣೆಯನ್ನು ಬಿಡಲಿಲ್ಲ. ತಂದೆಯಿಂದ ಅವನಿಗೆ ಸಿಕ್ಕ ಒಂದೇ ಒಳ್ಳೆಯ ವಸ್ತು ಈ ಹೊಣೆ. ಮಗನಿಗೆ ಅವನು ಕೊಡುವುದೂ ಅದನ್ನೇ. ಬೇರೆ ಏನಾದರೂ ಕೊಡಬಹುದೆಂಬುದನ್ನು ಅವನು ಎಲ್ಲಿಯೂ ನೋಡಿಲ್ಲ.

ಇಲ್ಲಿ ಯೆಹೆಜ್ಕೇಲನ ಹದಿನೆಂಟನೆಯ ಅಧ್ಯಾಯವನ್ನು ತೆರೆದಿಟ್ಟುಕೊಂಡು ಓದುವುದು ಫಲಕಾರಿ. ಹೆತ್ತವರು ಹುಳಿದ್ರಾಕ್ಷೆ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತದೆಂಬ ಗಾದೆಯನ್ನು ಪ್ರವಾದಿಯು ಅಲ್ಲಿ ಎದುರಿಸುತ್ತಾನೆ. ತಂದೆ, ಮಗ, ಮೊಮ್ಮಗ ಎಂಬ ಮೂರು ತಲೆಗಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬನನ್ನೂ ಅವನವನ ನಡತೆಯಿಂದಲೇ ವಿಚಾರಿಸುತ್ತಾನೆ. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯವಾದರೋ ತಂದೆಗಳ ದೋಷಫಲವು ಮೂರು ನಾಲ್ಕು ತಲೆಗಳವರೆಗೆ ಮುಟ್ಟುವುದೆಂದು ಹೇಳುತ್ತದೆ. ಈ ಎರಡು ವಾಕ್ಯಭಾಗಗಳನ್ನು ತರಗತಿಯಲ್ಲಿ ಎದುರುಬದುರಾಗಿಟ್ಟು ಯಾವುದು ಹಳೆಯದು, ಯಾವುದು ಹೊಸದು ಎಂದು ಚರ್ಚಿಸುವುದು ವಾಡಿಕೆ. ವಿಲ್ಸನ್ನರ ಅಂಗಳದಲ್ಲಿ ಎರಡೂ ಒಟ್ಟಿಗೆ ನಿಜ. ದೋಷಫಲವು ರಕ್ತದೊಂದಿಗೆ ಹರಿದುಬರುತ್ತದೆ. ಆದರೂ ಪ್ರತಿ ತಲೆಯೂ ತನ್ನ ಕೈಯಲ್ಲಿರುವ ಲಗಾಮಿಗೆ ತಾನೇ ಉತ್ತರ ಕೊಡಬೇಕು.

ಹೀಗೆನ್ನಲು ನಮಗೆ ಆಧಾರವಾಗಿರುವುದು ಎರಡನೆಯ ಅಂಕದ ಹೊಡೆದಾಟ. ಅಷ್ಟರಲ್ಲಿ ಟ್ರಾಯ್‌ಗೆ ಆಲ್ಬರ್ಟಾ ಎಂಬ ಇನ್ನೊಬ್ಬಳೊಡನೆ ಸಂಬಂಧವಿದ್ದುದು ಬಯಲಾಗಿದೆ. ಅವಳು ಹೆರಿಗೆಯಲ್ಲಿ ಸತ್ತಿದ್ದಾಳೆ. ಹಸುಗೂಸು ರೇನೆಲ್‌ಳನ್ನು ಟ್ರಾಯ್‌ನ ಹೆಂಡತಿ ರೋಸ್ ತನ್ನ ಮಗುವಾಗಿ ಎತ್ತಿಕೊಂಡಿದ್ದಾಳೆ, ಗಂಡನನ್ನು ಮಾತ್ರ ಬಿಟ್ಟಿದ್ದಾಳೆ. ಅಂಗಳದ ಮೆಟ್ಟಿಲಲ್ಲಿ ಕುಡಿದು ಕುಳಿತ ತಂದೆಯನ್ನು ದಾಟಿ ಹೋಗಲು ಬಂದ ಮಗನು ‘ಸರ್’ ಎನ್ನುವುದಿಲ್ಲ. ಮಾತಿಗೆ ಮಾತು ಬೆಳೆದು ಕೋರಿಯು ಬ್ಯಾಟನ್ನು ಎತ್ತುತ್ತಾನೆ, ಬೀಸುತ್ತಾನೆ, ತಪ್ಪುತ್ತದೆ. ಟ್ರಾಯ್ ಅದನ್ನು ಕಿತ್ತುಕೊಂಡು ಮಗನ ತಲೆಯ ಮೇಲೆ ಎತ್ತಿ ಹಿಡಿಯುತ್ತಾನೆ. ಅಲ್ಲಿ ಅವನು ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ. ನಾಟಕಕಾರನು ಇದಕ್ಕೆ ಕೊಟ್ಟಿರುವುದು ರಂಗಸೂಚನೆಯ ಒಂದು ಚಿಕ್ಕ ವಾಕ್ಯ ಮಾತ್ರ. ಟ್ರಾಯ್‌ನ ತಂದೆಯು ತಡೆದುಕೊಂಡಿರಲಿಲ್ಲ. ಮೂರು ತಲೆಗಳ ಈ ಕಥೆಯಲ್ಲಿ ಕೃಪೆಯ ಗುರುತನ್ನು ಹುಡುಕುವವರು ಅಂತ್ಯದ ಬೆಳಕಿಗೆ ಕಾಯಬೇಕಾಗಿಲ್ಲ. ಇಳಿಯದೆ ನಿಂತ ಈ ಬ್ಯಾಟಿನಲ್ಲಿ ಅದು ಆಗಲೇ ಇದೆ. ತುಂಬ ಸಣ್ಣದು, ನಿಜ. ಮಗನನ್ನು ಮನೆಯಲ್ಲಿ ಉಳಿಸಿಕೊಳ್ಳಲು ಅದು ಸಾಲಲಿಲ್ಲ. ಟ್ರಾಯ್ ಅವನನ್ನು ಹೊರಗೆ ಅಟ್ಟುತ್ತಾನೆ; ನಿನ್ನ ಸಾಮಾನುಗಳು ಬೇಲಿಯ ಆಚೆಗಿರುತ್ತವೆ ಎನ್ನುತ್ತಾನೆ.

ಈ ಜಾಗದಲ್ಲಿ ಲೂಕ ಹದಿನೈದನೆಯ ಅಧ್ಯಾಯವು ನಮ್ಮ ಕೈಗೆ ತಾನಾಗಿಯೇ ಬರುತ್ತದೆ. ಆದರೆ ಅದನ್ನು ಅವಸರದಿಂದ ಬಳಸಬಾರದೆಂಬುದು ನಮ್ಮ ಅಭಿಪ್ರಾಯ. ಆ ಸಾಮ್ಯದ ತಂದೆಯು ಪಾಲನ್ನು ಕೊಟ್ಟವನು, ದೂರದಿಂದಲೇ ಕಂಡವನು, ಓಡಿಬಂದವನು. ಯೇಸು ಅವನಲ್ಲಿ ತೋರಿಸಿದ್ದು ದೇವರನ್ನು. ಊರಿನ ಪ್ರತಿ ತಂದೆಗೂ ಆ ಅಂಗಿಯನ್ನು ತೊಡಿಸುವ ಅಧಿಕಾರವನ್ನು ನಮಗೆ ಕೊಡಲಿಲ್ಲ. ಟ್ರಾಯ್ ಓಡಿಬರುವುದಿಲ್ಲ. 1965ರಲ್ಲಿ ಕೋರಿಯು ನೌಕಾಸೈನ್ಯದ ಮರೀನ್ ಪಡೆಯ ಕಾರ್ಪೊರಲ್ ಆಗಿ, ಸಮವಸ್ತ್ರದಲ್ಲಿ, ದೂರದೇಶದಿಂದೆಂಬಂತೆ ಮನೆಗೆ ಬಂದಾಗ ತಂದೆಯು ಅಂಗಳದಲ್ಲಿಲ್ಲ, ಶವಪೆಟ್ಟಿಗೆಯಲ್ಲಿದ್ದಾನೆ. ದಾವೀದ ಅಬ್ಷಾಲೋಮರ ಕಥೆಯಲ್ಲಿ ಮಗನು ಸತ್ತು ತಂದೆಯು ಅತ್ತನು. ಇಲ್ಲಿ ತಂದೆಯು ಸತ್ತಿದ್ದಾನೆ, ಮಗನಿಗೆ ಅಳು ಬಾರದು. ಅವನು ತಾಯಿಗೆ ಹೇಳುವುದು ಇಷ್ಟು: ನಾನು ಶವಸಂಸ್ಕಾರಕ್ಕೆ ಬರುವುದಿಲ್ಲ.

ರೋಸ್ ಅವನಿಗೆ ಕೊಡುವ ಉತ್ತರವನ್ನು ಪಾಲನಾ ಸೇವೆಯ ತರಗತಿಯಲ್ಲಿ ಸಾವಧಾನವಾಗಿ ಓದಬೇಕು. ಅವಳು ಆಜ್ಞೆಯನ್ನು ಎತ್ತಿ ತೋರಿಸುವುದಿಲ್ಲ. ನಿನ್ನ ತಂದೆ ಒಳ್ಳೆಯವನಾಗಿದ್ದನೆಂದು ಹೇಳುವುದಿಲ್ಲ. ಸಮಾಧಿಗೆ ಹೋಗದಿದ್ದ ಮಾತ್ರಕ್ಕೆ ನೀನು ಗಂಡಸಾಗುವುದಿಲ್ಲವೆಂದು ಗದರುತ್ತಾಳೆ. ತನಗೆ ಆತನು ಮಾಡಿದ್ದನ್ನು ಮುಚ್ಚಿಡದೆ, ತನ್ನ ಪಾಲಿನ ತಪ್ಪನ್ನೂ ಹೇಳಿಕೊಳ್ಳುತ್ತಾಳೆ: ಆತನನ್ನು ಮನೆಯ ತುಂಬ ಹರಡಲು ಬಿಟ್ಟು ತನಗೆ ಜಾಗವನ್ನೇ ಉಳಿಸಿಕೊಳ್ಳಲಿಲ್ಲವೆಂದು. ತಂದೆಯ ನೆರಳು ಮೈಗೆ ಅಂಟಿದೆ ಎಂದು ಮಗನು ದೂರಿದಾಗ, ಆ ನೆರಳು ನೀನೇ ಬೆಳೆಯುತ್ತಿರುವುದು, ಅದನ್ನು ನಿನ್ನ ಅಳತೆಗೆ ಕತ್ತರಿಸಿಕೊಳ್ಳುವುದು ನಿನ್ನ ಕೆಲಸ ಎಂಬರ್ಥದ ಮಾತನ್ನಾಡುತ್ತಾಳೆ. ತಂದೆಯನ್ನು ಅರ್ಥಮಾಡಿಕೊಳ್ಳುವುದು, ಸನ್ಮಾನಿಸುವುದು, ನಿರಪರಾಧಿಯೆಂದು ತೀರ್ಪು ಕೊಡುವುದು, ಇವು ಮೂರೂ ಬೇರೆ ಬೇರೆ ಎಂಬುದು ಈ ಹೆಂಗಸಿಗೆ ಗೊತ್ತು. ಶವಸಂಸ್ಕಾರದ ಆರಾಧನೆಯಲ್ಲಿ ನಾವು ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿಬಿಡುತ್ತೇವೆ. ಆಗ ಮಗನಿಗೆ ಉಳಿಯುವ ದಾರಿ ಎರಡೇ: ಸುಳ್ಳಿಗೆ ಆಮೆನ್ ಎನ್ನಬೇಕು, ಇಲ್ಲವೇ ಎದ್ದು ಹೋಗಬೇಕು.

ಕೋರಿಯು ಮನಸ್ಸು ಬದಲಾಯಿಸುವುದು ತಾಯಿಯ ವಾದದಿಂದಲೂ ಅಲ್ಲ. ತಾಯಿ ಒಳಗೆ ಹೋದ ಮೇಲೆ ಏಳು ವರ್ಷದ ರೇನೆಲ್ ಬರುತ್ತಾಳೆ, ಅವನ ತಂಗಿ. ಬ್ಲೂ ಎಂಬ ನಾಯಿಯ ಹಾಡನ್ನು ಅವಳು ತೊಡಗುತ್ತಾಳೆ, ಅವನು ದನಿಗೂಡಿಸುತ್ತಾನೆ. ಅಪ್ಪನು ಇಬ್ಬರಿಗೂ ಬೇರೆ ಬೇರೆ ವರ್ಷಗಳಲ್ಲಿ ಹಾಡಿದ ಹಾಡು. ಅದನ್ನು ಕಟ್ಟಿದವನಾರು? ಲಗಾಮಿನಿಂದ ಹೊಡೆದ ಆ ಅಜ್ಜನೇ ಎಂದು ಟ್ರಾಯ್ ಹಿಂದೆ ಹೇಳಿದ್ದನು. ಅತ್ಯಂತ ಕ್ರೂರನಾದ ತಂದೆಯಿಂದ ಹೊರಟು, ಮಗನನ್ನು ಹೊರಗಟ್ಟಿದ ತಂದೆಯ ಬಾಯಿಂದ ಹಾದು, ಈ ಇಬ್ಬರು ಮಕ್ಕಳಿಗೆ ಒಂದು ಹಾಡು ಬಂದಿದೆ. ಹಾಡು ಮುಗಿದ ಮೇಲೆ ಕೋರಿಯು ತಂಗಿಗೆ ಶೂಗಳನ್ನು ಬದಲಾಯಿಸಲು ಹೇಳಿ, ಸಮಾಧಿಗೆ ಹೋಗೋಣವೆನ್ನುತ್ತಾನೆ. ‘ಕ್ಷಮಿಸಿದೆ’ ಎಂಬ ಮಾತು ಅವನ ಬಾಯಿಂದ ಬರುವುದೇ ಇಲ್ಲ. ನಾವು ಅವನ ಬಳಿಯಲ್ಲಿದ್ದಿದ್ದರೆ ಆ ಮಾತನ್ನು ಹೊರಡಿಸದೆ ಬಿಡುತ್ತಿದ್ದೆವೋ ಎಂಬುದು ಸಂದೇಹ.

ಇನ್ನು ಗೇಬ್ರಿಯಲ್‌ನ ಮಾತು. ಇವನು ಟ್ರಾಯ್‌ನ ತಮ್ಮ. ಮಹಾಯುದ್ಧದಲ್ಲಿ ತಲೆಗೆ ಪೆಟ್ಟಾಗಿ ಲೋಹದ ತಗಡನ್ನು ಹೊತ್ತು ಬಂದವನು; ತಾನು ದೇವದೂತ ಗಬ್ರಿಯೇಲನೆಂದೇ ನಂಬಿ ಸೊಂಟಕ್ಕೆ ತುತೂರಿ ಕಟ್ಟಿಕೊಂಡು ತಿರುಗುವವನು. ಅವನ ಗಾಯಕ್ಕೆ ಸರಕಾರ ಕೊಟ್ಟ ಮೂರು ಸಾವಿರ ಡಾಲರುಗಳಿಂದಲೇ ಟ್ರಾಯ್‌ನ ಮನೆ ಬಂದಿದೆ. ಓದಲಾರದ ಟ್ರಾಯ್ ಒಂದು ದಿನ ಕಾಗದಕ್ಕೆ ಸಹಿ ಹಾಕಿದ್ದರಿಂದ ಅವನು ಮಾನಸಿಕ ಆಸ್ಪತ್ರೆಯ ಪಾಲಾದನು. ಅಣ್ಣನ ಶವಸಂಸ್ಕಾರಕ್ಕೆಂದು ಬಿಟ್ಟಿದ್ದರಿಂದ ಬಂದವನು, ಪೇತ್ರನಿಗೆ ಬಾಗಿಲು ತೆರೆಯಲು ಹೇಳುವ ಸಮಯ ಬಂತೆಂದು ತುತೂರಿಯನ್ನು ಎತ್ತುತ್ತಾನೆ. ಅದಕ್ಕೆ ಊದುವ ಬಾಯಿಯೇ ಇಲ್ಲ. ಮೂರು ಸಲ ಊದುತ್ತಾನೆ, ನಾದ ಬಾರದು. ಆಮೇಲೆ ಅವನು ಕುಣಿಯುತ್ತಾನೆ, ಹಾಡೆನ್ನಲಾಗದ ಒಂದು ಕೂಗನ್ನು ಎತ್ತುತ್ತಾನೆ, ಆಕಾಶದ ಬಾಗಿಲು ತೆರೆಯುತ್ತದೆ.

ದೇವದೂತ ಗಬ್ರಿಯೇಲನು ತುತೂರಿ ಊದುವನೆಂದು ಸತ್ಯವೇದವು ಎಲ್ಲಿಯೂ ಹೇಳುವುದಿಲ್ಲ. ಅದು ಪರಂಪರೆಯ ಮಾತು. ಇರಲಿ. ಕ್ರೈಸ್ತ ತುತೂರಿಯು ಸೋತು ಆಫ್ರಿಕದ ಕುಣಿತವು ಗೆದ್ದಿತೆಂದು ಕೆಲವರು ಈ ಅಂತ್ಯವನ್ನು ಓದಿದ್ದಾರೆ. ಆ ಓದಿನಲ್ಲಿ ಹುರುಳಿಲ್ಲವೆನ್ನಲಾರೆವು. ಅದರೊಳಗಿರುವ ಗದರಿಕೆಯನ್ನು ಸಭೆಯು ಕೇಳಿಸಿಕೊಳ್ಳುವುದು ಒಳ್ಳೆಯದು. ಆದರೆ ಮಾತಿಲ್ಲದ ನರಳಾಟದಿಂದ ಪವಿತ್ರಾತ್ಮನೇ ಬೇಡುವನೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯವನ್ನು ಓದಿದವರಿಗೆ ನಾದ ಹೊರಡದ ಆ ತುತೂರಿಯು ಅಪರಿಚಿತವಾಗಿ ತೋರದು. ನಮ್ಮ ಗಮನವು ಬೇರೊಂದರ ಮೇಲಿದೆ. ಬಾಗಿಲನ್ನು ತೆರೆಸಿದವನು ಯಾರು? ಟ್ರಾಯ್‌ನಿಂದ ಅತಿ ಹೆಚ್ಚು ಕಳೆದುಕೊಂಡವನೇ. ಅನ್ಯಾಯಕ್ಕೊಳಗಾದವನು ಅನ್ಯಾಯ ಮಾಡಿದವನ ಪರವಾಗಿ ಬಾಗಿಲಲ್ಲಿ ನಿಂತಿರುವಾಗ ನಮಗೆ ಯಾರ ನೆನಪಾಗುತ್ತದೆಂದು ಹೇಳಬೇಕಾಗಿಲ್ಲ. ಹೀಗೆಂದು ಗೇಬ್ರಿಯಲ್‌ನು ತಾನಾಗಿ ಕೊಟ್ಟದ್ದನ್ನು ಕೋರಿಯಿಂದ ವಸೂಲಿ ಮಾಡಲು ನಮಗೆ ಹಕ್ಕಿಲ್ಲ. ನಾಟಕವೂ ಮಾಡುವುದಿಲ್ಲ. ಮಗನು ಸಮಾಧಿಯವರೆಗೆ ಬಂದರೆ ಸಾಕು. ಅಲ್ಲಿಂದಾಚೆಗೆ ಬಾಗಿಲು ಅವನ ಕೈಯಲ್ಲಿಲ್ಲ.

ನಾಟಕದ ಬಗ್ಗೆ ನಮ್ಮದೊಂದು ಅತೃಪ್ತಿಯೂ ಇದೆ. ಗಂಡನು ಕೈಬಿಟ್ಟ ಮೇಲೆ ರೋಸ್ ಸಭೆಯನ್ನು ಆಶ್ರಯಿಸುತ್ತಾಳೆ, ಅದರ ಧನಸಂಗ್ರಹಕ್ಕಾಗಿ ಕೇಕು ಮಾಡಿ ಒಯ್ಯುತ್ತಾಳೆ. ಆದರೆ ಆ ಸಭೆಯಲ್ಲಿ ಅವಳಿಗೆ ಸಿಕ್ಕಿದ್ದೇನೆಂಬುದನ್ನು ನಾಟಕಕಾರನು ತೋರಿಸುವುದಿಲ್ಲ. ಹದಿನೆಂಟು ವರ್ಷ ಒಬ್ಬನ ಪಕ್ಕದಲ್ಲಿ ತನ್ನ ಬಯಕೆಗಳನ್ನು ಹೂತಿಟ್ಟವಳ ಭಕ್ತಿಯು ಅಡಗಿಕೊಳ್ಳುವ ಜಾಗವೋ ಎದ್ದುನಿಲ್ಲುವ ಜಾಗವೋ ಎಂಬ ಪ್ರಶ್ನೆಯನ್ನು ಅವನು ತಂದೆಮಕ್ಕಳ ಗದ್ದಲದಲ್ಲಿ ಅರ್ಧಕ್ಕೇ ಬಿಟ್ಟಿದ್ದಾನೆ. ತಪ್ಪು ನಾಟಕಕಾರನೊಬ್ಬನದೇ ಆಗಿರಲಾರದು. ಏಳು ಪಾತ್ರಗಳು ಆ ಅಂಗಳದಲ್ಲಿ ಬಂದು ಹೋಗುತ್ತವೆ, ಅವುಗಳಲ್ಲಿ ಸಭಾಪಾಲಕನಿಲ್ಲ. ಟ್ರಾಯ್ ಸೆರೆಮನೆಯಿಂದ ಬಂದಾಗ, ಗೇಬ್ರಿಯಲ್‌ನನ್ನು ಕರೆದೊಯ್ದಾಗ, ಮಗನ ಸಾಮಾನು ಬೇಲಿಯಾಚೆ ಬಿದ್ದಾಗ ಯಾವ ಪಾಲಕನೂ ಬೇಲಿಯ ಬಾಗಿಲನ್ನು ತಟ್ಟಿದ ಸುದ್ದಿಯಿಲ್ಲ. ಕೊನೆಯಲ್ಲಿ ಎಲ್ಲರೂ ದೇವಾಲಯಕ್ಕೆ ಹೊರಟು ನಿಂತಿರುವಾಗ ತೆರೆ ಬೀಳುತ್ತದೆ. ಅಂದು ಆ ಮಗನ ಮುಂದೆ ಪಾಲಕನು ಮಾಡಿದ ಪ್ರಸಂಗವನ್ನು ವಿಲ್ಸನ್ ಬರೆದಿಲ್ಲ.